ಬೆಟ್ಟದ ಸೈಕಲ್ಲಿಗೆ ಯಾವ ಚಕ್ರ?

ಕೊಡಗಿನ ದಾರಿಗಳು ಚಕ್ರವನ್ನು ನೆನೆದು ಹುಟ್ಟಿದವಲ್ಲ. ಹಾಲೇರಿ ಅರಸರ ಕಾಲದಲ್ಲಿ ನಾಡಿನ ಕಾವಲು ನಿಂತಿದ್ದು ಕಡಂಗಗಳ ಮೇಲೆ, ಉಕ್ಕಡಗಳ ಮೇಲೆ. ಗುಡ್ಡದ ನೆತ್ತಿಯಿಂದ ಕಾಡಿನೊಳಕ್ಕೆ ದೂರದೂರದವರೆಗೆ ತೋಡಿದ ಆಳದ ಕಂದಕಗಳು, ಕಣಿವೆಯ ಬಾಯಲ್ಲಿ ಕಾವಲು ಕಟ್ಟೆಗಳು. ಹೊರಗಿನವರ ಗಾಡಿ, ಫಿರಂಗಿ ಸಲೀಸಾಗಿ ಒಳಗೆ ಬರದಂತಿದ್ದರೆ ಅದೇ ನಾಡಿಗೆ ಕ್ಷೇಮ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನಿಂದ ಕೊಡಗನ್ನು ಕಿತ್ತುಕೊಂಡ ಮೇಲೆ ಸಂಪಾಜೆ ಘಾಟಿಯಲ್ಲಿ ಮಂಗಳೂರಿನ ಕಡೆಗೆ ರಸ್ತೆ ಇಳಿಯಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಕಾಫಿ ಬಂದ ಮೇಲೆ ಮೂಟೆ ಸಾಗಿಸಬೇಕು, ಮೂಟೆಗೆ ಎತ್ತಿನ ಗಾಡಿ ಬೇಕು, ಗಾಡಿಗೆ ದಾರಿ ಬೇಕು. ರೈಲು ಇಂದಿಗೂ ಬರದ ಈ ಜಿಲ್ಲೆಯಲ್ಲಿ ತೋಟದಿಂದ ತೋಟಕ್ಕೆ, ಗದ್ದೆಯಿಂದ ಬಾಣೆಗೆ ಹೆಣೆದುಕೊಂಡ ಮಣ್ಣುದಾರಿಗಳ ಬಲೆ ಹೀಗೆ ಹಬ್ಬಿತು. ಇವತ್ತು ಮೌಂಟನ್ ಬೈಕ್ ತಂದವರು ಓಡಿಸುವುದು ಬಹುಪಾಲು ಈ ಜಾಡುಗಳ ಮೇಲೆಯೇ. ಬ್ರಹ್ಮಗಿರಿ, ಪುಷ್ಪಗಿರಿಗಳೋ ವನ್ಯಧಾಮಗಳು. ಅಲ್ಲಿ ಸೈಕಲ್ ಹಿಡಿದು ಮನ ಬಂದಂತೆ ನುಗ್ಗುವ ಹಾಗಿಲ್ಲ.

ಈ ಜಾಡುಗಳ ಮೇಲೆ ನಲವತ್ತು ಐವತ್ತು ವರ್ಷಗಳಲ್ಲಿ ಐದಾರು ಅಳತೆಯ ಚಕ್ರಗಳು ಉರುಳಿವೆ. ಜಾಡು ಬದಲಾಗಲಿಲ್ಲ, ಬೇರು ಬದಲಾಗಲಿಲ್ಲ, ಮಳೆಯಂತೂ ಬದಲಾಗಲಿಲ್ಲ. ಚಕ್ರದ ಅಳತೆ ಮಾತ್ರ ಮತ್ತೆ ಮತ್ತೆ ಬದಲಾಯಿತು. ಯಾರು ಬದಲಾಯಿಸಿದರು, ಏಕೆ ಎಂದು ಹುಡುಕುತ್ತಾ ಹೋದರೆ ನಾವು ತಲುಪುವುದು ಯಾವ ಬೆಟ್ಟಕ್ಕೂ ಅಲ್ಲ, ಟಯರ್ ಕಾರ್ಖಾನೆಯ ಅಚ್ಚಿಗೆ, ಗೋದಾಮಿಗೆ. ನನಗೆ ಈ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುವುದು ಇದೇ: ಚಕ್ರದ ಅಳತೆಯನ್ನು ತೀರ್ಮಾನಿಸಿದ್ದು ಹೆಚ್ಚಾಗಿ ಕೈಗೆ ಸಿಕ್ಕ ಮಾಲು.

ಮೊದಲು ಬಂದದ್ದು ಸಾದಾ ಸೈಕಲ್. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮ ದೇಶದ ದೊಡ್ಡ ಸೈಕಲ್ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದವು. 1949ರಲ್ಲಿ ಮದ್ರಾಸಿನ ಮುರುಗಪ್ಪ ಮನೆತನ ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿಐ ಸೈಕಲ್ಸ್ ಕಟ್ಟಿತು. ಹರ್ಕ್ಯುಲಿಸ್, ಬಿಎಸ್‌ಎ, ಫಿಲಿಪ್ಸ್ ಅಲ್ಲಿಂದ ಬಂದವು. 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲುಧಿಯಾನಾದಲ್ಲಿ ಹೀರೊ. ಇವರೆಲ್ಲ ಮಾಡಿದ್ದು ಇಂಗ್ಲಿಷರು ಕೆಟ್ಟ ರಸ್ತೆಗಳಿಗೆಂದು ರೂಪಿಸಿದ್ದ ಕಪ್ಪು ಸೈಕಲ್ಲನ್ನೇ. ರಾಡ್ ಬ್ರೇಕು, ಹಿಂದೆ ಕ್ಯಾರಿಯರ್, ಇಪ್ಪತ್ತು ಕೆ.ಜಿ. ಆಸುಪಾಸಿನ ತೂಕ, ಚಕ್ರ 28×1½. ಹಿಂದಿನ ಕಾಲದ ಹುಡುಗರಿಗೆ ಸೀಟು ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆಯಬೇಕಾಗಿದ್ದದ್ದು ಈ ಎತ್ತರದ ದೆಸೆಯಿಂದ.

ಮಲೆನಾಡಿನಲ್ಲಿ ಈ ಸೈಕಲ್ ಬಯಲುಸೀಮೆಯಲ್ಲಿ ಆದಷ್ಟು ಮನೆಮಾತಾಗಲಿಲ್ಲ. ಗೇರಿಲ್ಲದ ಸೈಕಲ್ಲನ್ನು ಏರಿನಲ್ಲಿ ತಳ್ಳಬೇಕು. ಇಳಿಜಾರಿನಲ್ಲಿ ಮಳೆ ಹಿಡಿದರೆ ಒದ್ದೆಯಾದ ಉಕ್ಕಿನ ರಿಮ್ಮಿಗೆ ರಾಡ್ ಬ್ರೇಕಿನ ರಬ್ಬರು ಕಚ್ಚುವುದೇ ಇಲ್ಲ. ಆದರೂ ಅದರ ಚಕ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ರಿಮ್ಮಿನ ಮೇಲೆ ಟಯರಿನ ಅಂಚು ಕೂರುವ ಜಾಗದ ವ್ಯಾಸ ಅದರಲ್ಲಿ 635 ಮಿಲಿಮೀಟರು. ಈಗ ಹೊಸದೆಂದು ಮಾರುವ 29 ಇಂಚಿನ ಮೌಂಟನ್ ಬೈಕಿನಲ್ಲಿ ಅದೇ ಅಳತೆ 622. ಅಂದರೆ ಅಜ್ಜನ ಕಾಲದ ಸೈಕಲ್ಲಿನ ರಿಮ್ಮು ಇಂದಿನ 29ರ ಬೆಟ್ಟದ ಸೈಕಲ್ಲಿನ ರಿಮ್ಮಿಗಿಂತ 13 ಮಿ.ಮೀ. ದೊಡ್ಡದು! ಹೊಸದರ ಟಯರ್ ದಪ್ಪವಾದ್ದರಿಂದ ಒಟ್ಟು ಎತ್ತರದಲ್ಲಿ ಅದು ಎರಡು ಸೆಂಟಿಮೀಟರಿನಷ್ಟು ಮುಂದಿದೆ, ಅಷ್ಟೆ. ದೊಡ್ಡ ಚಕ್ರ ಕೆಟ್ಟ ದಾರಿಗೆ ಒಳ್ಳೆಯದು ಎಂಬುದನ್ನು ಆ ಕಪ್ಪು ಸೈಕಲ್ ಕಟ್ಟಿದವರು ಬಲ್ಲವರಾಗಿದ್ದರು.

ಹಾಗಾದರೆ ಬೆಟ್ಟದ ಸೈಕಲ್ ಅಂತ ಬಂದಾಗ ಚಕ್ರ ಚಿಕ್ಕದಾದದ್ದು ಹೇಗೆ? ಅದಕ್ಕೆ ಅಮೆರಿಕಕ್ಕೆ ಹೋಗಬೇಕು. 1933ರಲ್ಲಿ ಶಿಕಾಗೋದ ಶ್ವಿನ್ ಕಂಪನಿ ದಪ್ಪ ಬಲೂನ್ ಟಯರಿನ ಸೈಕಲ್ ತಂದಿತು. ರಿಮ್ಮಿನ ಅಳತೆ 559, ಟಯರ್ 26×2.125. ಅದನ್ನು ಮಾಡಿದ್ದು ಬೆಟ್ಟಕ್ಕಲ್ಲ, ಅಮೆರಿಕದ ಹುಡುಗರಿಗೆ. ಮನೆಮನೆಗೆ ಪೇಪರ್ ಹಾಕುವ ಹುಡುಗರು ಅದನ್ನು ಮೆಚ್ಚಿಕೊಂಡರು. ನಾಲ್ಕು ದಶಕ ಕಳೆದ ಮೇಲೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು ಗುಜರಿಯಿಂದ, ಹಳೆ ಗ್ಯಾರೇಜುಗಳಿಂದ ಆ ಶ್ವಿನ್ ಸೈಕಲ್ಲುಗಳನ್ನು ಎತ್ತಿ ತಂದು ಟಮಲ್ಪಾಯಸ್ ಬೆಟ್ಟದ ಸುತ್ತಿನ ಮಣ್ಣುದಾರಿಗಳಲ್ಲಿ ಇಳಿಸತೊಡಗಿದರು. 1976ರ ಅಕ್ಟೋಬರ್ 21ರಂದು ಅಲ್ಲಿ ರೀಪ್ಯಾಕ್ ಎಂಬ ಇಳಿಜಾರಿನಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚಿನ ದಾರಿಯಲ್ಲಿ ಸುಮಾರು 400 ಮೀಟರ್ ಇಳಿತ. ಒಂದು ಸಲ ಇಳಿದರೆ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಇಳಿಯುವಂತಿರಲಿಲ್ಲ.

1977ರಲ್ಲಿ ಆ ಯುವಕರಲ್ಲೊಬ್ಬನಾದ ಜೋ ಬ್ರೀಝ್ ಈ ಕೆಲಸಕ್ಕೆಂದೇ ಹೊಸ ಫ್ರೇಮ್ ಬೆಸುಗೆ ಹಾಕಿದ. 1979ರಲ್ಲಿ ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಸೇರಿ ಟಾಮ್ ರಿಚಿಯ ಫ್ರೇಮುಗಳಿಂದ ಸೈಕಲ್ ಜೋಡಿಸಿ ಮಾರತೊಡಗಿದರು. 1981ರಲ್ಲಿ ಸ್ಪೆಷಲೈಜ್ಡ್ ಕಂಪನಿಯ ಸ್ಟಂಪ್‌ಜಂಪರ್ ಕಾರ್ಖಾನೆಯಲ್ಲೇ ತಯಾರಾಗಿ ಅಂಗಡಿಗೆ ಬಂತು. ಫ್ರೇಮ್ ಹೊಸದು, ಗೇರು ಹೊಸದು, ಬ್ರೇಕು ಹೊಸದು. ಚಕ್ರ ಮಾತ್ರ ಪೇಪರ್ ಹುಡುಗರದ್ದೇ. ದಪ್ಪ ಟಯರು ಬೇಕೆಂದರೆ ಅಮೆರಿಕದಲ್ಲಿ ಸಿಗುತ್ತಿದ್ದದ್ದು ಆ ಒಂದು ಅಳತೆಯಲ್ಲಿ ಮಾತ್ರ. ಈ 26 ಮುಂದೆ ಮೂವತ್ತು ವರ್ಷ ಜಗತ್ತನ್ನು ಆಳಿತು. 1990ರಲ್ಲಿ ಕೊಲರಾಡೋದ ಡುರಾಂಗೋದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೌಂಟನ್ ಬೈಕ್ ಸೇರಿದಾಗ, 2004 ಮತ್ತು 2008ರಲ್ಲಿ ಫ್ರಾನ್ಸಿನ ಜೂಲಿಯನ್ ಆಬ್ಸಲೋನ್ ಎರಡು ಬಾರಿ ಚಿನ್ನ ಗೆದ್ದಾಗ ನೆಲ ಮುಟ್ಟುತ್ತಿದ್ದದ್ದು 26.

ನಡುವೆ ಒಂದು ಬಾಗಿಲು ಅರೆ ತೆರೆದು ಮುಚ್ಚಿಕೊಂಡಿತು. ಕೊಡಗಿನಂಥ ಕೆಸರಿನ ನಾಡಿನವರಿಗೆ ಈ ಭಾಗ ವಿಶೇಷ. ಇಂಗ್ಲೆಂಡಿನ ಚಿಲ್ಟರ್ನ್ ಗುಡ್ಡಗಳಲ್ಲಿ ಜೆಫ್ ಆಪ್ಸ್ ಎಂಬವನು ಮರಿನ್‌ನವರ ಪಾಡಿಗೆ ಅವರಿರುವಾಗ ತನ್ನದೇ ಬೇರೆ ದಾರಿ ಹಿಡಿದಿದ್ದ. ಕ್ಯಾಲಿಫೋರ್ನಿಯಾದ್ದು ಒಣ ಧೂಳು, ಅವನದ್ದು ಮಳೆ, ಜಿಗುಟು ಮಣ್ಣು, ಕೊಳೆತ ಎಲೆ. ಅವನು ಆರಿಸಿಕೊಂಡದ್ದು ಫಿನ್ಲೆಂಡಿನ ನೋಕಿಯಾ ಕಂಪನಿ ಹಿಮದ ಮೇಲೆ ಓಡಿಸಲು ಮಾಡುತ್ತಿದ್ದ ಹಕ್ಕಾಪೆಲೀಟ್ಟಾ ಟಯರುಗಳನ್ನು. ಹೌದು, ಮುಂದೆ ನಮ್ಮೆಲ್ಲರ ಜೇಬಿಗೆ ಫೋನು ಹಾಕಿದ ಅದೇ ನೋಕಿಯಾ. ಅವು 26ರವಲ್ಲ, 650ಬಿ, ಅಂದರೆ 584 ಮಿ.ಮೀ., ಮತ್ತು 700ಸಿ, ಅಂದರೆ 622. ಎಂಬತ್ತರ ದಶಕದ ಮೊದಲರ್ಧದಲ್ಲಿ ಆಪ್ಸ್ ಅಮೆರಿಕದ ಫಿಶರ್ ಮತ್ತು ಕೆಲ್ಲಿಗೆ ಈ ಟಯರುಗಳನ್ನು ಕಳಿಸಿಕೊಟ್ಟ. ಅವರಿಗೆ ಇಷ್ಟವೂ ಆಯಿತು. ಆದರೆ ಫಿನ್ಲೆಂಡಿನಿಂದ ಮಾಲು ನೆಚ್ಚುವಂತೆ ಬರಲಿಲ್ಲ. ಟಯರ್ ಇಲ್ಲದ ಅಳತೆಗೆ ಸೈಕಲ್ ಮಾಡಿ ಮಾರುವವರು ಯಾರು? ದೊಡ್ಡ ಚಕ್ರ ಅಲ್ಲಿಗೇ ನಿಂತಿತು. ಆ ಮಾಲು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾವು 26ನ್ನು ಅಷ್ಟಾಗಿ ಕಾಣುತ್ತಲೇ ಇರಲಿಲ್ಲವೇನೋ.

ನಮ್ಮಲ್ಲಿಗೆ 26 ಬಂದದ್ದು ತೊಂಬತ್ತರ ದಶಕದಲ್ಲಿ, ಹೀರೊ ರೇಂಜರ್ ಮತ್ತು ಅದರ ಜೊತೆಯವರ ರೂಪದಲ್ಲಿ. ನೇರ ಹ್ಯಾಂಡಲ್, ಬಣ್ಣ ಬಣ್ಣದ ದಪ್ಪ ಫ್ರೇಮು, ಗಡ್ಡೆ ಗಡ್ಡೆ ಟಯರು. ಬಹಳಷ್ಟರಲ್ಲಿ ಗೇರೇ ಇರಲಿಲ್ಲ. ಆದರೂ ಒಳಪೆಡಲು ಹೊಡೆದು ಕಲಿತವರ ಮಕ್ಕಳಿಗೆ ಅದು ಕನಸಿನ ಸೈಕಲ್. ಕಾಲು ನೆಲಕ್ಕೆ ಎಟುಕುತ್ತದೆ, ಬಿದ್ದರೂ ರಿಮ್ಮು ಬೇಗ ಬೆಂಡಾಗುವುದಿಲ್ಲ, ದಪ್ಪ ಟಯರು ಜಲ್ಲಿಯ ಮೇಲೆ ಜಾರುವುದಿಲ್ಲ. ಮೌಂಟನ್ ಬೈಕಿನ ಚುಟುಕು ಹೆಸರಾದ ಎಂಟಿಬಿ ಎಂಬ ಮೂರಕ್ಷರ ಕೊಡಗಿನ ಪೇಟೆಗಳ ಸೈಕಲ್ ಅಂಗಡಿಗಳಿಗೆ ಬಂದದ್ದು ಹೀಗೆ.

ಅದರ ಜೊತೆ ಒಂದು ಗೋಜಲೂ ಬಂತು, ಈಗಲೂ ಬಿಟ್ಟು ಹೋಗಿಲ್ಲ. ಗೋಣಿಕೊಪ್ಪದ ಕಡೆಯ ಸೈಕಲ್ ಶಾಪೊಂದರಲ್ಲಿ ಕಂಡದ್ದು. ಹುಡುಗನೊಬ್ಬ ಬಂದು, “ಅಣ್ಣಾ, ಇಪ್ಪತ್ತಾರರ ಟಯರ್ ಒಂದು ಕೊಡಿ” ಅಂದ. ಒಳಗಿನಿಂದ ಬಂದ ಮರುಪ್ರಶ್ನೆ: “ದಪ್ಪದ್ದಾ, ಸಣ್ಣದ್ದಾ?” ಹುಡುಗನಿಗೆ ಗೊತ್ತಿಲ್ಲ. “ಹಂಗಾದ್ರೆ ಹಳೇದು ಬಿಚ್ಚಿಕೊಂಡು ಬಾ ಮಗಾ, ಸುಮ್ನೆ ಎರಡು ಸಲ ನಡೀಬೇಡ.” ಅಂಗಡಿಯವರ ಮಾತು ನೂರಕ್ಕೆ ನೂರು ಸರಿ. ಲೇಡೀಸ್ ಸೈಕಲ್ಲುಗಳಿಗೆ ಬರುವ 26×1⅜ ಮತ್ತು ಎಂಟಿಬಿಗೆ ಬರುವ 26×1.95 ಎರಡಕ್ಕೂ ಹೆಸರು ಇಪ್ಪತ್ತಾರೇ. ಆದರೆ ಮೊದಲಿನದು 590 ಮಿ.ಮೀ. ರಿಮ್ಮಿಗೆ, ಎರಡನೆಯದು 559ಕ್ಕೆ. ವ್ಯತ್ಯಾಸ ಮೂರು ಸೆಂಟಿಮೀಟರಿಗೂ ಮಿಗಿಲು. ಒಂದನ್ನು ಇನ್ನೊಂದಕ್ಕೆ ಹಾಕಿದರೆ ಕಳಚಿ ಬೀಳುತ್ತದೆ, ಇಲ್ಲವೇ ಲಿವರ್ ಹಾಕಿ ಎಷ್ಟು ಮೀಟಿದರೂ ಏರುವುದಿಲ್ಲ. ಟಯರಿನ ಪಕ್ಕೆಯಲ್ಲಿ ಸಣ್ಣ ಅಕ್ಷರದಲ್ಲಿ 37-590, 50-559 ಎಂದು ಅಚ್ಚಾಗಿರುವುದನ್ನು ಓದಬೇಕು: ಮೊದಲಿನದು ಟಯರಿನ ದಪ್ಪ, ಆಮೇಲಿನದು ರಿಮ್ಮಿನ ವ್ಯಾಸ. ಅದೊಂದೇ ನಂಬುವ ಸಂಖ್ಯೆ. 26, 27.5, 29 ಎಂಬುವೆಲ್ಲ ವ್ಯಾಪಾರದ ಹೆಸರುಗಳು. 26ರಿಂದ 27.5ಕ್ಕೆ ಹೋದರೆ ರಿಮ್ಮು ಹಿಗ್ಗುವುದು ಒಂದೂವರೆ ಇಂಚಲ್ಲ, 25 ಮಿ.ಮೀ., ಬರೀ ಒಂದಿಂಚು. ಅಲ್ಲಿಂದ 29ಕ್ಕೆ 38 ಮಿ.ಮೀ. ನಟ್ಟನಡುವಿನದು ಎಂದು ಮಾರಿದ 27.5 ನಿಜಕ್ಕೂ ಚಿಕ್ಕದರ ಕಡೆಗೇ ವಾಲಿದ್ದು.

ಮುಚ್ಚಿದ್ದ ಬಾಗಿಲು ಮತ್ತೆ ತೆರೆದದ್ದು 1999ರಲ್ಲಿ. ವಿಲ್ಡರ್‌ನೆಸ್ ಟ್ರೇಲ್ ಬೈಕ್ಸ್ ಎಂಬ ಅಮೆರಿಕನ್ ಕಂಪನಿ 622ರ ರಿಮ್ಮಿಗೆ ನ್ಯಾನೋರ‍್ಯಾಪ್ಟರ್ ಎಂಬ ನಿಜವಾದ ದಪ್ಪ ಟಯರನ್ನು ತಂದಿತು. ಗಮನಿಸಿ, ಈ ಸಲವೂ ಮೊದಲು ಬಂದದ್ದು ಟಯರು, ಆಮೇಲೆ ಸೈಕಲ್. ಕೆಲವೇ ವರ್ಷದಲ್ಲಿ ಗ್ಯಾರಿ ಫಿಶರ್ ತನ್ನ ಹೆಸರಿನ 29ರ ಸೈಕಲ್ಲುಗಳನ್ನು ಅಂಗಡಿಗೆ ತಂದ. ಜನ ಮೊದಮೊದಲು ಒಪ್ಪಲಿಲ್ಲ. ತಿರುಗಿಸುವಾಗ ಎಮ್ಮೆಯಂತೆ ಮೊಂಡು ಹಿಡಿಯುತ್ತದೆ ಎಂಬ ದೂರು ಇತ್ತು, ಅದರಲ್ಲಿ ನಿಜವೂ ಇತ್ತು. ಫೋರ್ಕಿನ ಮುಂಚಾಚನ್ನು 51 ಮಿ.ಮೀ.ಗೆ ಹೆಚ್ಚಿಸಿ ಫಿಶರ್ ಅದನ್ನು ಪಳಗಿಸಿದ ಮೇಲೆ ಆ ದೂರು ತಗ್ಗಿತು. 2007ರಲ್ಲಿ ಕರ್ಕ್ ಪಸೆಂಟಿ ಎಂಬ ಫ್ರೇಮ್ ಕಟ್ಟುವವನು ಹಳೆಯ 584ಕ್ಕೆ ಹೊಸ ಟಯರ್ ಮಾಡಿಸಿದ. ಆಪ್ಸ್ ಮೆಚ್ಚಿದ್ದ ಎರಡು ಅಳತೆಗಳೂ ಹೀಗೆ ಇಪ್ಪತ್ತು ವರ್ಷ ತಡವಾಗಿ ಹಿಂದಿರುಗಿದವು.

ಅದೇ ಹೊತ್ತಿಗೆ ಕರ್ನಾಟಕದಲ್ಲಿ ಬೇರೊಂದು ಗಾಳಿ ಎದ್ದಿತ್ತು. 2005ರಲ್ಲಿ ಶುರುವಾದ ಫೈರ್‌ಫಾಕ್ಸ್ ಕಂಪನಿ ಗೇರು, ಸಸ್ಪೆನ್ಶನ್ ಇರುವ ಸೈಕಲ್ಲುಗಳನ್ನು ನಗರಗಳಿಗೆ ತಂದಿತು. 2008ರ ಡಿಸೆಂಬರಿನಲ್ಲಿ ಟೂರ್ ಆಫ್ ನೀಲಗಿರೀಸ್ ಎಂಬ ಸೈಕಲ್ ಸವಾರಿ ಆರಂಭವಾಯಿತು. 2009ರಲ್ಲಿ ಬೆಂಗಳೂರಿನಲ್ಲಿ ಡೆಕಾಥ್ಲಾನ್ ಮಳಿಗೆ ತೆರೆಯಿತು. ತುರಹಳ್ಳಿ ಕಾಡಿನ ಜಾಡುಗಳಲ್ಲಿ ಬೆಂಗಳೂರಿನವರು ಮಣ್ಣಿನ ಸವಾರಿ ಕಲಿತರು. ಮೈಸೂರಿನ ಕಿರಣ್ ಕುಮಾರ್ ರಾಜು, ಲೋಕೇಶ್ ನರಸಿಂಹಾಚಾರ್ ಅವರಂಥವರು ದೇಶದ ಎಂಟಿಬಿ ಸ್ಪರ್ಧೆಗಳಲ್ಲಿ ಹೆಸರು ಮಾಡಿದರು. ಶನಿವಾರ ಭಾನುವಾರ ಕಾರಿನ ಬೆನ್ನಿಗೆ ಸೈಕಲ್ ಕಟ್ಟಿಕೊಂಡು ಮಡಿಕೇರಿ, ಕಕ್ಕಬ್ಬೆಯ ಕಡೆ ಬರುವವರು ಕಾಣತೊಡಗಿದರು. ಕೊಡಗಿನಲ್ಲೂ ತೋಟದ ಮನೆಗಳ ಕೆಲವರು ಒಳ್ಳೆಯ ಬೆಲೆ ಕೊಟ್ಟು ಹೊರದೇಶದ ಹೆಸರಿನ ಸೈಕಲ್ ಕೊಂಡರು. ಅವರು ಕೊಂಡದ್ದು 26. ಜೀವಮಾನಕ್ಕೆ ಒಂದು ಎಂದೇ ಕೊಂಡದ್ದು.

2012 ಆ ಲೆಕ್ಕವನ್ನು ತಲೆಕೆಳಗು ಮಾಡಿತು. ಮಾರ್ಚಿನಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಸ್ವಿಸ್ ಸವಾರ ನೀನೋ ಶುರ್ಟರ್ 27.5ರ ಮೇಲೆ ವಿಶ್ವಕಪ್ ರೇಸ್ ಗೆದ್ದ. ಆಗಸ್ಟಿನಲ್ಲಿ ಲಂಡನ್ ಒಲಿಂಪಿಕ್ಸ್: ಜೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ 29ರ ಮೇಲೆ ಚಿನ್ನ, ಶುರ್ಟರ್ 27.5ರ ಮೇಲೆ ಬೆಳ್ಳಿ. ಸುಮಾರು ಒಂದೂವರೆ ಗಂಟೆಯ ರೇಸಿನಲ್ಲಿ ಇಬ್ಬರ ನಡುವಿನ ಅಂತರ ಒಂದು ಸೆಕೆಂಡು. ಬೀಜಿಂಗಿನಲ್ಲಿ ಚಿನ್ನ ಗೆದ್ದಿದ್ದ ಅಳತೆಗೆ ನಾಲ್ಕೇ ವರ್ಷದಲ್ಲಿ ಮುಪ್ಪು ಬಂದಿತ್ತು. ಮರುವರ್ಷ ತೈವಾನಿನ ಜೈಂಟ್ ಕಂಪನಿ 2014ರ ಮಾದರಿಗಳಿಗೆ 27.5ರ ಕಡೆ ಪೂರ್ತಿ ಹೊರಳಿತು; ಜಗತ್ತಿನ ಅತಿ ದೊಡ್ಡ ಸೈಕಲ್ ಕಂಪನಿಗಳಲ್ಲಿ ಒಂದು ಹೊರಳಿದ ಮೇಲೆ ಉಳಿದವರಿಗೆ ಬೇರೆ ದಾರಿ ಇರಲಿಲ್ಲ. ಒಳ್ಳೆಯ ದರ್ಜೆಯ 26 ಎರಡು ಮೂರು ವರ್ಷದೊಳಗೆ ಅಂಗಡಿಗಳಿಂದ ಮಾಯವಾಯಿತು. ಆಮೇಲೆ 27.5ರ ಸರದಿಯೂ ಇಳಿಮುಖವಾಯಿತು. ಶುರ್ಟರ್ ತಾನೇ 29ಕ್ಕೆ ಬಂದ. 2017ರಲ್ಲಿ ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಮ್‌ನಲ್ಲಿ ಗ್ರೆಗ್ ಮಿನಾರ್ ಎಂಬ ಸವಾರ 29ರ ಮೇಲೆ ಡೌನ್‌ಹಿಲ್ ಸ್ಪರ್ಧೆ ಗೆದ್ದಾಗ, ಇಳಿಜಾರಿಗೆ ದೊಡ್ಡ ಚಕ್ರ ಒಗ್ಗದು ಎಂಬ ಕೊನೆಯ ಮಾತೂ ಬಿದ್ದುಹೋಯಿತು. 2019ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಯಮ ಸಡಿಲಿಸಿ, ಮುಂದೆ 29 ಹಿಂದೆ 27.5 ಹಾಕಿಕೊಂಡು ಓಡಲೂ ಬಿಟ್ಟಿತು.

ದೊಡ್ಡ ಚಕ್ರದಿಂದ ನಿಜವಾಗಿ ಎಷ್ಟು ಲಾಭ? ಕಾಫಿ ತೋಟದ ದಾರಿಗೆ ಅಡ್ಡವಾಗಿ ನೆರಳಿನ ಮರದ ಬೇರೊಂದು ಆರು ಸೆಂಟಿಮೀಟರ್ ಎದ್ದು ನಿಂತಿದೆ ಎಂದಿಟ್ಟುಕೊಳ್ಳಿ. 26ರ ಚಕ್ರ ಅದಕ್ಕೆ ತಾಗುವ ಕೋನ ಸುಮಾರು 35 ಡಿಗ್ರಿ. 29ರದ್ದು ಸುಮಾರು 33. ಒಂದು ಬೇರಿಗೆ ಈ ಎರಡು ಡಿಗ್ರಿ ಏನೂ ಅಲ್ಲ. ಆದರೆ ಅಮ್ಮತ್ತಿ, ಪಾಲಿಬೆಟ್ಟದ ತೋಟಗಳಲ್ಲಿ ಬೇರು ಒಂದೇ ಇರುವುದಿಲ್ಲ, ದಾರಿಯುದ್ದಕ್ಕೂ ಬೇರುಗಳಿರುತ್ತವೆ. ಪ್ರತಿ ಬೇರೂ ಕಿತ್ತುಕೊಳ್ಳುವ ವೇಗದಲ್ಲಿ ಚೂರು ಚೂರು ಉಳಿದರೆ ಹತ್ತು ಕಿಲೋಮೀಟರಿನ ಕೊನೆಗೆ ಕಾಲಿಗೆ ಅದರ ಲೆಕ್ಕ ಗೊತ್ತಾಗುತ್ತದೆ. ಇನ್ನೊಂದು ಕಡೆ, ಸೋಮವಾರಪೇಟೆಯ ಇಳಿಜಾರಿನ ಅರೇಬಿಕಾ ತೋಟಗಳಲ್ಲಿ ಗಿಡಗಳ ಸಾಲಿನ ನಡುವೆ ತಟ್ಟನೆ ತಿರುಗಬೇಕಾದಾಗ ಚಿಕ್ಕ ಚಕ್ರವೇ ಹಿತ. ಕುಳ್ಳಗಿರುವವರಿಗೂ ಅಷ್ಟೆ.

ಮಳೆಗಾಲದಲ್ಲಿ, ಕೊಡವರ ಕಕ್ಕಡ ತಿಂಗಳ ಹೊತ್ತಿಗೆ, ಈ ವಾದವೆಲ್ಲ ಬದಿಗೆ ಸರಿಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಂಪುಮಣ್ಣು, ಎಲೆಯ ಕೊಳೆ, ಸಿಲ್ವರ್ ಓಕಿನ ತರಗು ಸೇರಿ ಅಂಟಿಕೊಂಡು ಹಿಂದಿನ ಚಕ್ರ ಫ್ರೇಮಿನೊಳಗೆ ತಿರುಗದೆ ನಿಂತಾಗ ಅದು 26ರದ್ದೋ 29ರದ್ದೋ ಎಂದು ಕೇಳಿ ಫಲವಿಲ್ಲ. ಆಗ ಬೇಕಾದ್ದು ಟಯರಿಗೂ ಫ್ರೇಮಿಗೂ ನಡುವೆ ಎರಡು ಬೆರಳಿನ ಜಾಗ, ಗಡ್ಡೆಗಳು ದೂರದೂರ ಇರುವ ಟಯರು, ಕಡಿಮೆ ಗಾಳಿ. ಚಿಲ್ಟರ್ನ್‌ನ ಆಪ್ಸ್‌ಗೆ ತಿಳಿದಿದ್ದು ಇದು. ದೊಡ್ಡ ಕಂಪನಿಗಳ ಜಾಹೀರಾತುಗಳು ಚಕ್ರದ ವ್ಯಾಸದ ಮೇಲೆ ಸುರಿದ ಮಾತಿನ ಅರ್ಧದಷ್ಟನ್ನು ಕೆಸರಿನ ಮೇಲೆ ಸುರಿದಿದ್ದರೆ ನಮ್ಮಂಥ ಮಳೆನಾಡುಗಳಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಬದಲಾವಣೆಯ ಹೊರೆ ಬಿದ್ದದ್ದು ಕಾರ್ಖಾನೆಯಿಂದ ದೂರ ಇರುವವರ ಮೇಲೆ. ಪೊನ್ನಂಪೇಟೆ ಕಡೆಯ ನನ್ನ ಗೆಳೆಯರೊಬ್ಬರ 26ರ ಸೈಕಲ್ಲಿನ ಫ್ರೇಮು ಇಂದಿಗೂ ಗಟ್ಟಿಮುಟ್ಟು. ಸಸ್ಪೆನ್ಶನ್ ಫೋರ್ಕು ಮಾತ್ರ ತುಕ್ಕು ತಿಂದು ಎಣ್ಣೆ ಸೋರುತ್ತಿತ್ತು. ಒಳ್ಳೆಯ ಹೊಸ ಫೋರ್ಕುಗಳೆಲ್ಲ 27.5 ಅಥವಾ 29ಕ್ಕೆ. ಅವುಗಳ ಕಾಂಡವೂ ಬುಡದಲ್ಲಿ ದಪ್ಪ, ತುದಿಯಲ್ಲಿ ಸಪೂರ, ಹಳೆಯ ಫ್ರೇಮಿನ ನೇರ ಕೊಳವೆಯೊಳಗೆ ಹೋಗುವುದಿಲ್ಲ. ಫೋರ್ಕು ಬದಲಿಸಬೇಕಾದರೆ ಚಕ್ರ ಬದಲಿಸಬೇಕು, ಚಕ್ರಕ್ಕೆ ಹಬ್ಬು, ಹಬ್ಬಿಗೆ ಫ್ರೇಮು. ಕೊನೆಗೆ ಉಳಿಯುವುದು ಸೀಟು ಮತ್ತು ಗಂಟೆ. ಬೆಂಗಳೂರಿನವರಿಗೆ ಇದು ಒಂದು ಸಂಜೆಯ ಓಡಾಟ. 120 ಕಿಲೋಮೀಟರ್ ಆಚೆಯ ಮೈಸೂರನ್ನು ನೆಚ್ಚಿಕೊಂಡ ಮಡಿಕೇರಿಯವರಿಗೆ ಹಾಗಲ್ಲ.

ಹೊಸ ಪೀಳಿಗೆಗೆ ಈ ಕಷ್ಟವಿಲ್ಲ. ಕುಟ್ಟ ದಾಟಿ ತೋಲ್ಪೆಟ್ಟಿ ಹಾದರೆ ಸಿಗುವ ಮಾನಂದವಾಡಿಯ ಪ್ರಿಯದರ್ಶಿನಿ ಟೀ ತೋಟದಲ್ಲಿ ಎಂಟಿಬಿ ಕೇರಳ ಸ್ಪರ್ಧೆಗಳು ನಡೆದಿವೆ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ತಿರುವನಂತಪುರದ ಬಳಿಯ ಪೊನ್ಮುಡಿ ಬೆಟ್ಟಕ್ಕೇ ಬಂತು. ಈಗ ಕ್ರಾಸ್‌ಕಂಟ್ರಿ ಕಲಿಯಲು ಹೊರಟ ಹುಡುಗ ಹುಡುಗಿಯರಿಗೆ ಕೋಚು ಹೇಳುವುದು ಒಂದೇ ಅಳತೆ, 29. ಆಯ್ಕೆಯ ಗೊಂದಲ ಅವರಿಗಿಲ್ಲ.

26 ಮಾತ್ರ ಸತ್ತಿಲ್ಲ. ಯುರೋಪು, ಅಮೆರಿಕದ ದೊಡ್ಡ ಹೆಸರುಗಳು ಅದನ್ನು ಬಿಟ್ಟರೂ ಲುಧಿಯಾನಾದ ಕಾರ್ಖಾನೆಗಳು ಬಿಡಲಿಲ್ಲ. ರೇಂಜರ್ ಮಾದರಿಯ ಸೈಕಲ್ಲುಗಳು ಇಂದಿಗೂ ತಯಾರಾಗುತ್ತಿವೆ, ರಾಲ್ಸನ್, ಮೆಟ್ರೊ ಟಯರುಗಳು ಇಂದಿಗೂ ಅಚ್ಚಿನಿಂದ ಇಳಿಯುತ್ತಿವೆ. ಆದ್ದರಿಂದ ಕೊಡಗಿನ ಪೇಟೆಯ ಸಾಮಾನ್ಯ ಸೈಕಲ್ ಶಾಪಿನಲ್ಲಿ 26×1.95 ಕೇಳಿದರೆ ಗೋಡೆಯ ಮೊಳೆಯಿಂದ ಇಳಿಸಿ ಕೊಡುತ್ತಾರೆ. 29ರ ಟ್ಯೂಬ್‌ಲೆಸ್ ಟಯರಿಗೆ ಕೊರಿಯರ್ ಕಾಯಬೇಕು. ನನ್ನ ಗೆಳೆಯರು ಸೋರುವ ಫೋರ್ಕನ್ನು ಕಳಚಿ ಸಾದಾ ಉಕ್ಕಿನ ಫೋರ್ಕು ಹಾಕಿಸಿ, ಎರಡೂ ಕಡೆ ಲುಧಿಯಾನಾದ ಟಯರು ಏರಿಸಿದ್ದಾರೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದ ಮೇಲಿನ ತಟ್ಟಿಗೆ ಹೋಗಿ ಬರುವುದು ಅದರಲ್ಲೇ.